ಮೇಷ್ಟ್ರಿಗೆ ಯಾವ ಶಾಲು?

(‘98ರ ಬ್ಯಾಚ್, ತುಮಕೂರು’ ಗುಂಪು)

ಮಂಜುನಾಥ: [ಫೋಟೊ] ಭಾನುವಾರದ ಗುರುವಂದನೆಗೆ ಇದನ್ನ ನೋಡಿಟ್ಟಿದೀನಿ. ಊಟಿ ಕಡೆ ತೋಡ ಬುಡಕಟ್ಟಿನವರ ಶಾಲು, 650 ರೂಪಾಯಿ. ಕೆಂಪು ಅಂದ್ರೆ ರಕ್ತ, ಕಪ್ಪು ಅಂದ್ರೆ ಭೂಮಿ, ಬಿಳಿ ಅಂದ್ರೆ ಶಾಂತಿ ಅಂತ ಕೆಳಗೆ ಬರ್ದಿದಾರೆ.

ಶಶಿಕಲಾ: ಬೇಡ ಮಂಜು. ಅದು ಪುತುಕುಳಿ, ತೋಡರು ಹೊದೆಯೋ ಬಟ್ಟೆ; ಹೆಣಕ್ಕೆ ಸುತ್ತೋದೂ ಅದನ್ನೇ. ವಯಸ್ಸಾದ ಮೇಷ್ಟ್ರಿಗೆ ಹೊದಿಸ್ತೀಯಾ?

ಗಿರೀಶ: ಅರ್ಧ ಸರಿ ಕಣೇ ಶಶಿ. ಹೆಣಕ್ಕೆ ಸುತ್ತೋದು ನಿಜ. ಆದ್ರೆ ಬಸುರಿಗೆ ಗಂಡ ಬಿಲ್ಲು-ಬಾಣ ಕೊಡೋ ಶಾಸ್ತ್ರಕ್ಕೂ, ಹಬ್ಬಕ್ಕೂ ಗಂಡಸರು ಹೆಂಗಸರೆಲ್ಲ ಹೊದೆಯೋದು ಪುತುಕುಳೀನೇ. ನಮ್ಮ ಶಿರಾ ಕಡೆ ಕಂಬಳಿ ಹಾಸಿ ದೇವರಿಗೆ ಗದ್ದಿಗೆ ಮಾಡಲ್ವಾ? ಮಳೆ ಬಂದ್ರೆ ಅದೇ ಕಂಬಳಿ ಕುರಿ ಕಾಯೋನಿಗೆ ಕೊಪ್ಪೆ. ಅಪಶಕುನ ಅಂಟಿಸಬೇಡ.

ಶಶಿಕಲಾ: ಹಂಗಾದ್ರೆ ಆ ಬಣ್ಣದ ಅರ್ಥ?

ಗಿರೀಶ: ಅದನ್ನ ನಾನು ನಂಬಲ್ಲ. ಕೆಂಪು-ಕಪ್ಪು ಪಟ್ಟೆ ಮಗ್ಗದಲ್ಲೇ ಬರುತ್ತೆ. ತೋಡರು ನೇಯಲ್ಲ, ಬಟ್ಟೆ ಹೊರಗಿಂದ ಕೊಳ್ತಾರೆ; ಪಟ್ಟೆಗಳ ನಡುವಿನ ಕಸೂತಿ ಮಾತ್ರ ಅವರದು. ಅರ್ಥ ನೋಡ್ಬೇಕಾದ್ದು ಹೊದೆಯೋದ್ರಲ್ಲಿ. ಗಂಡಸರು ಎಡ ಹೆಗಲ ಮೇಲೆ ಹಾಕ್ಕೋತಾರೆ. ಎಮ್ಮೆ ಹಾಲು ಕಡೆಯೋ ಅವರ ಪವಿತ್ರ ಗುಡಿ ಎದುರು ಬಲ ಹೆಗಲು ಬರಿದು ಮಾಡೋದೇ ಮರ್ಯಾದೆ. ನಾವು ಎರಡೂ ಹೆಗಲಿಗೆ ಹೊದಿಸಿ ಫೋಟೊ ತೆಗೀತೀವಿ, ಉಲ್ಟಾ!

ರುಕ್ಮಿಣಿ: ನನ್ನ ತಕರಾರೇ ಬೇರೆ. ಫೋಟೊ ದೊಡ್ಡದು ಮಾಡಿ ನೋಡ್ರೋ, ಇದು ಪ್ರಿಂಟು. ತೋಡರ ಕೆಲಸಕ್ಕೆ ಬಟ್ಟೆ ಮೇಲೆ ಗೀಟು ಇಲ್ಲ, ಬಿಗಿಯೋ ರಿಂಗೂ ಇಲ್ಲ. ಬಟ್ಟೆ ಎಳೆ ಎಣಿಸಿ ಸೂಜಿ ಹಾಕ್ತಾರೆ. ಒಂದೆಳೆ ತಪ್ಪಿದ್ರೆ ಮುಂದಿನದೆಲ್ಲ ಓರೆ, ಬಿಚ್ಚಿ ಮತ್ತೆ ಹಾಕ್ಬೇಕು. ದಾರ ಬಿಗಿಯಾಗಿ ಎಳೆಯದೆ ಸಣ್ಣ ಕುಣಿಕೆ ಬಿಡೋದ್ರಿಂದ ಮೈ ಉಬ್ಬಿರುತ್ತೆ. ನಾವು ಹಿಂಭಾಗ ಅನ್ನೋ ಆ ಒರಟು ಮುಖವೇ ಅವರಿಗೆ ಮೇಲ್ಮುಖ. ಇದರಲ್ಲಿ ಮಡಿಸಿದ ತುದಿ ನೋಡು, ಒಳಗೆ ಬರೀ ಬಿಳಿ. 2013ರಲ್ಲಿ ಜಿಐ, ಅಂದ್ರೆ ಭೌಗೋಳಿಕ ಗುರುತು ಸಿಕ್ಕಿದ್ದು ಕೈ ಕಸೂತಿಗೆ, ಇದಕ್ಕಲ್ಲ.

ಮಂಜುನಾಥ: ದಾರ ಎದ್ದಿದ್ರೆ ಡಿಫೆಕ್ಟು ಅನ್ಕೊಂಡಿದ್ದೆ.

ರುಕ್ಮಿಣಿ: ಆ ಕುಣಿಕೆಗೆ ಕತ್ತರಿ ಹಾಕಿದ್ರೆ ಸಾಲೇ ಬಿಟ್ಕೊಳ್ಳುತ್ತೆ. ಇಸ್ತ್ರಿ ಒತ್ತಿದ್ರೆ ಉಬ್ಬು ಚಪ್ಪಟೆ. ಹೊದಿಸುವಾಗ ಬಳೆ, ವಾಚು ಸಿಕ್ಕಾಕ್ಕೊಳ್ಳುತ್ತೆ. ಕೆಂಪು ದಾರ ಬಿಳಿ ಬಟ್ಟೆಗೆ ಬಣ್ಣ ಬಿಟ್ರೆ ಕೆಟ್ಟಂಗೇ. ಬೇರೆಯಾಗಿ ತಣ್ಣೀರಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಹರಡಬೇಕು.

ಶಶಿಕಲಾ: ಕೈ ಕೆಲಸದ್ದೇ ತಂದ್ರೂ ನನ್ನ ಓಟಿಲ್ಲ. ಅವರು ಸತ್ತೋರನ್ನ ಸುತ್ತಿ ಕಳಿಸೋ ಬಟ್ಟೆ ನಮಗೆ ಸ್ಟೇಜ್ ಮೇಲಿನ ಶಾಲಾ?

ಗಿರೀಶ: ತೋಡರೇ ಮಾರೋಕೆ ಅಂತ ಶಾಲು, ಬ್ಯಾಗು ಹೊಲೀತಾರಲ್ಲ, ಅದನ್ನ ತರಬಹುದು. ಪುತುಕುಳಿ ಬೇಡ, ಒಪ್ತೀನಿ.

ಮಂಜುನಾಥ: ಭಾನುವಾರಕ್ಕೆ ಅದು ಬರಲ್ಲ. ಶಿರಾ ಕಂಬಳೀನೇ ತರ್ಲಾ?

ಶಶಿಕಲಾ: ಮೇ ತಿಂಗಳಲ್ಲಾ? ಮೇಷ್ಟ್ರು ಬೆಂದೋಗ್ತಾರೆ ಕಣೋ.