‘ಕಡತ’ ಅಂದರೆ ಫೈಲೋ, ಕರಿ ಬಟ್ಟೆಯೋ?

ಎಲ್ಲರಿಗೂ ನಮಸ್ಕಾರ. ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓಲೆಗರಿ, ಹಸ್ತಪ್ರತಿ, ಹಳೆಯ ಕಾಗದಪತ್ರ ಇಟ್ಟಿರುವ ವಿಭಾಗಕ್ಕೆ ಕನ್ನಡದಲ್ಲಿ ಪಟ್ಟಿ ಮಾಡಿಕೊಡುತ್ತಿದ್ದೇನೆ. ಇಂಗ್ಲಿಷ್ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಸಾಲುಗಳಿವೆ. ಒಂದು, ಆಡಳಿತ ಕಚೇರಿಯ ಹಳೆ ಫೈಲುಗಳು. ಇನ್ನೊಂದು, ಕಪ್ಪು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕಗಳು. ಕನ್ನಡಕ್ಕೆ ತಂದರೆ ಎರಡೂ ‘ಕಡತ’!

ಸುಮ್ನೆ ತಲೆಕೆಡಿಸಿಕೊಳ್ಳುತ್ತಿಲ್ಲ. ಹೋದ ತಿಂಗಳು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ನನ್ನ ಕರಡು ಪಟ್ಟಿ ನೋಡಿ ಚೀಟಿಯಲ್ಲಿ ‘ಕಡತ, 3’ ಅಂತ ಬರೆದುಕೊಟ್ಟಳು. ಅವಳಿಗೆ ಬೇಕಿದ್ದದ್ದು ಹಾಸ್ಟೆಲ್ ಕಟ್ಟಿಸಿದ ಕಾಲದ ಪತ್ರವ್ಯವಹಾರ. ಒಳಗಿನಿಂದ ಬಂದದ್ದು ದಾರ ಕಟ್ಟಿದ ಒಂದು ಕರಿ ಕಟ್ಟು. ಬಿಚ್ಚಿದರೆ ಮಡಿಕೆ ಮೇಲೆ ಮಡಿಕೆ, ಮೇಜು ಸಾಲದೆ ಎರಡನೇ ಮೇಜು ಎಳೆದುಕೊಂಡೆವು. ಕಪ್ಪಿನ ಮೇಲೆ ಬೂದು ಬಣ್ಣದ ಅಕ್ಷರ, ಸ್ಲೇಟಿನ ಮೇಲೆ ಬರೆದ ಹಾಗೆ. ಅವಳು ಬೆರಳಿಟ್ಟು ಓದಲು ಹೋದಳು, ಅಲ್ಲಿದ್ದವರು ‘ಅಯ್ಯೋ ಮುಟ್ಟಬೇಡಮ್ಮ, ಅಳಿಸಿಹೋಗುತ್ತೆ’ ಅಂತ ಕೈ ಹಿಡಿದರು.

ಇದೇ ಮೂಲದ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು ಒಣಗಿಸಿ ಪುಸ್ತಕದ ಹಾಗೆ ಮಡಚುವುದು. ಶೃಂಗೇರಿ ಮಠದಲ್ಲಿ ಇಂಥವು ಬೇಕಾದಷ್ಟಿವೆ. ‘ಕಡಿತ’ ಅಂತಲೂ ಬರೆಯುತ್ತಾರೆ. ಮೈಸೂರಿನಲ್ಲಿ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದರ ಅಳತೆ ಕೊಟ್ಟಿದ್ದಾನೆ: ಅಗಲ ಎಂಟು ಇಂಚಿನಿಂದ ಒಂದಡಿ, ಉದ್ದ 12ರಿಂದ 18 ಅಡಿ. ಉಳ್ಳವರ ಕಡತಕ್ಕೆ ಎರಡೂ ತುದಿಗೆ ಬಣ್ಣ ಹಚ್ಚಿದ ಮರದ ಹಲಗೆ, ಬಡವರದಕ್ಕೆ ಬರೀ ದಾರ. ಮೈಸೂರು ಸೀಮೆಯ ವ್ಯಾಪಾರಿಗಳು, ಅಂಗಡಿಯವರು ಎಲ್ಲರೂ ಇದರಲ್ಲೇ ಲೆಕ್ಕ ಬರೆಯುತ್ತಿದ್ದರಂತೆ. ಒಬ್ಬ ವ್ಯಾಪಾರಿಯ ಕಡತದಲ್ಲಿ ಸಾಕ್ಷಿ ಸಮೇತ ಬರೆದಿದ್ದ ಸಾಲಪತ್ರವನ್ನು ಪುರಾವೆಯಾಗಿ ಒಪ್ಪಿಕೊಂಡದ್ದನ್ನೂ ತಾನು ನೋಡಿದ್ದೇನೆ ಅನ್ನುತ್ತಾನೆ.

ಪದಚರ್ಚೆಗೆ ಬೇಕಾದ್ದು ಅವನ ಇನ್ನೊಂದು ಮಾತು. ಟಿಪ್ಪು ಸರ್ಕಾರಿ ಲೆಕ್ಕಕ್ಕೆ ಕಡತ ಬಳಸಬಾರದೆಂದು ಆಜ್ಞೆ ಮಾಡಿದ್ದ. ಅಳಿಸಿ ತಿದ್ದಬಹುದಲ್ಲ, ಅದಕ್ಕೇ ಇರಬೇಕು. ಆ ಆಜ್ಞೆಗಳನ್ನು ಇಂಗ್ಲಿಷಿಗೆ ತಂದ ಕ್ರಿಸ್ಪ್ ಅನ್ನುವವನಿಗೆ ಈ ಪದ ಗೊತ್ತಿಲ್ಲದೆ ಅಂದಾಜಿನ ಮೇಲೆ ‘ಓಲೆಗರಿ’ ಅಂತ ಬರೆದುಬಿಟ್ಟ. ಟಿಪ್ಪು ಬೇಡ ಅಂದದ್ದು ಬಟ್ಟೆಯನ್ನು, ಇಂಗ್ಲಿಷಿನಲ್ಲಿ ಓದಿದವರಿಗೆ ಸಿಕ್ಕಿದ್ದು ತಾಳೆಗರಿ. ನನ್ನ ಪಟ್ಟಿಯೂ ಹೀಗೇ ದಾರಿ ತಪ್ಪಿಸಬಾರದು ಅನ್ನುವುದೇ ನನ್ನ ಚಿಂತೆ.

ಫೈಲಿಗೆ ‘ಕಡತ’ ಈಗ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ ಕಡತ ವಿಲೇವಾರಿ, ಕಡತ ನಾಪತ್ತೆ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಕಂಪ್ಯೂಟರಿನಲ್ಲೂ ಕಡತ ಅಳಿಸುತ್ತೇವೆ (ಮೂಲ ಅರ್ಥಕ್ಕೆ ಇದೇ ಜಾಸ್ತಿ ಹತ್ತಿರ ಅಲ್ವಾ!). ಅದನ್ನು ಕಿತ್ತುಹಾಕಲು ನನಗೂ ಇಷ್ಟವಿಲ್ಲ. ಆದರೂ ಈ ಪಟ್ಟಿಯ ಮಟ್ಟಿಗೆ ಬಟ್ಟೆಯದನ್ನು ಬರೀ ‘ಕಡತ’ ಅಂತಲೇ ಬಿಟ್ಟು ಕಚೇರಿಯದಕ್ಕೆ ‘ಫೈಲು’ ಅಂತಲೇ ಹಾಕೋಣವೇ ಅಂತ ಯೋಚನೆ. ಗ್ರಂಥಾಲಯದವರು ‘ಫೈಲು ಕನ್ನಡ ಅಲ್ಲ’ ಅನ್ನುತ್ತಿದ್ದಾರೆ. ‘ದಫ್ತರ’ ಹಾಕೋಣ ಅಂದರೆ ಅದು ಕಟ್ಟೂ ಹೌದು, ಕಚೇರಿಯೂ ಹೌದು. ‘ಬಟ್ಟೆ ಕಡತ’ ಅಂತ ಸೂಚಿಸಿದವರೂ ಇದ್ದಾರೆ, ನನಗೆ ಅದು ‘ನೀರಿನ ಕೆರೆ’ ಅಂದ ಹಾಗೆ ಕೇಳಿಸುತ್ತದೆ.

ಇನ್ನು ಇಡೀ ವಿಭಾಗಕ್ಕೆ ‘ವಿಶೇಷ ಸಂಗ್ರಹ’ ಅಂತ ಬೋರ್ಡು ಬರೆಸಿದ್ದಾರೆ. ಗೌರಿ ಹಬ್ಬದ ಸೀರೆ ಅಂಗಡಿ ನೆನಪಾಗುತ್ತದೆ. ಸರ್ಕಾರದವರು ಬಳಸುವ ‘ಪತ್ರಾಗಾರ’ ಪರವಾಗಿಲ್ಲ, ಆದರೆ ಇಲ್ಲಿ ಪತ್ರ ಮಾತ್ರವೇ ಇಲ್ಲವಲ್ಲ.

ಮುಖ್ಯವಾಗಿ ಕೇಳಬೇಕಾದ್ದು ಇಷ್ಟು: ನಿಮ್ಮ ಮನೆಯ ಅಟ್ಟದಲ್ಲೋ ಹಳೆ ಅಂಗಡಿಯಲ್ಲೋ ಇಂಥ ಕರಿ ಬಟ್ಟೆಯ ಲೆಕ್ಕ ಇದ್ದದ್ದು ನೆನಪಿದ್ದರೆ, ಹಿರಿಯರು ಅದನ್ನು ಏನಂತ ಕರೆಯುತ್ತಿದ್ದರು? ಯಾವ ಊರ ಕಡೆ ಅನ್ನುವುದನ್ನೂ ತಿಳಿಸಿ. ಪಟ್ಟಿ ಈ ತಿಂಗಳ ಕೊನೆಗೆ ಕೊಡಬೇಕು.