ಪದಚರ್ಚೆ: ‘ಹಿಡಿದ’ ತುಕ್ಕು, ‘ತಿಂದ’ ತುಕ್ಕು – ಹಳೆಯ ಸ್ಟೇಷನ್ ವ್ಯಾಗನ್ ದುರಸ್ತಿಗೆ ಕನ್ನಡ ಪದಗಳು

ಪ್ರಶ್ನೆ

ಬಳಗದವರಿಗೆ ನಮಸ್ಕಾರ.

ಮಾರಿಸ್ ಮೈನರ್ ಟ್ರಾವೆಲರ್ ಗಾಡಿಯನ್ನು ಮನೆಯಲ್ಲೇ ದುರಸ್ತಿ ಮಾಡುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ತಯಾರಾಗುತ್ತಿದೆ. ಇದು 1953ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಸ್ಟೇಷನ್ ವ್ಯಾಗನ್, ಅಂದರೆ ಹಿಂಬದಿಯಲ್ಲಿ ಸಾಮಾನಿಗೂ ಜಾಗವಿರುವ ಉದ್ದ ಛಾವಣಿಯ ಕಾರು. ಮುಂಭಾಗ ಉಕ್ಕಿನ ತಗಡು. ಹಿಂಭಾಗಕ್ಕೆ ಆಶ್ ಮರದ ಚೌಕಟ್ಟು, ಅದರ ನಡುವೆ ಅಲ್ಯೂಮಿನಿಯಂ ತಗಡು. ಮರ ಇಲ್ಲಿ ಅಲಂಕಾರಕ್ಕಲ್ಲ, ಗಾಡಿಯ ಹಿಂಭಾಗ ನಿಂತಿರುವುದೇ ಅದರ ಮೇಲೆ. ಹಾಗಾಗಿ ಕಬ್ಬಿಣ, ಮರ, ಅಲ್ಯೂಮಿನಿಯಂ ಮೂರೂ ಹಾಳಾಗುವ ಬಗೆಗೆ ಪದಗಳು ಬೇಕಾಗಿವೆ.

ಮುಖ್ಯ ತೊಡಕು ‘ತುಕ್ಕು’. ಇಂಗ್ಲಿಷ್ ಕೈಪಿಡಿಗಳು ಸರ್ಫೇಸ್ ರಸ್ಟ್ (ಮೇಲಷ್ಟೇ ಹತ್ತಿದ್ದು), ಸ್ಕೇಲ್ (ಪದರವಾಗಿ ಎದ್ದದ್ದು), ಪಿಟಿಂಗ್ (ಗುಂಡಿ ಬಿದ್ದದ್ದು), ಪರ್ಫೊರೇಷನ್ (ತೂತಾದದ್ದು) ಎಂದು ನಾಲ್ಕಾಗಿ ವಿಂಗಡಿಸುತ್ತವೆ, ಏಕೆಂದರೆ ನಾಲ್ಕಕ್ಕೂ ಮಾಡುವ ಕೆಲಸ ಬೇರೆ. ‘ಮೇಲ್ಮೈ ತುಕ್ಕು’, ‘ರಂಧ್ರಕಾರಕ ತುಕ್ಕು’ ಎಂದೆಲ್ಲ ಬರೆದರೆ ಓದುವವರಿಗೆ ಆಗುವುದಿಲ್ಲ. ‘ರೆಸ್ಟೊರೇಷನ್’ಗೆ ಮರುಸ್ಥಾಪನೆಯೋ, ಪುನಶ್ಚೇತನವೋ? ಸಿಲ್, ಕ್ರಾಸ್ ಮೆಂಬರ್, ಡ್ರೈನ್ ಹೋಲ್‌ಗಳಿಗೆ ಏನು? ‘ಬೆಸುಗೆ’ ಎಂದರೆ ವೆಲ್ಡಿಂಗೋ, ಸಾಲ್ಡರಿಂಗೋ? ಅಲ್ಯೂಮಿನಿಯಮ್ಮಿನ ಮೇಲೆ ಏಳುವ ಬಿಳಿ ಪುಡಿಯನ್ನು ಕಿಲುಬು ಎನ್ನಬಹುದೇ?

ಉತ್ತರ 1

ತುಕ್ಕಿಗೆ ನಾಲ್ಕು ನಾಮಪದ ಹುಡುಕುವುದು ಬೇಡ. ಕನ್ನಡ ಈ ವಿಂಗಡಣೆಯನ್ನು ಕ್ರಿಯಾಪದದಲ್ಲಿ ಆಗಲೇ ಮಾಡಿಟ್ಟಿದೆ. ಯಾವ ಗ್ಯಾರೇಜಿನಲ್ಲಾದರೂ ಕಿವಿಗೊಟ್ಟು ಕೇಳಿ: ತುಕ್ಕು ಹಿಡಿದಿದೆ, ಹಕ್ಕಳೆ ಎದ್ದಿದೆ, ಕುಳಿ ಬಿದ್ದಿದೆ, ತುಕ್ಕು ತಿಂದಿದೆ. ಧಾರವಾಡದ ಕಡೆ ತುಕ್ಕಿನ ಬದಲು ‘ಜಂಗು’ ಬರುತ್ತದೆ, ಕ್ರಿಯಾಪದ ಮಾತ್ರ ಅದೇ: ಜಂಗು ಹಿಡದೈತಿ, ಜಂಗು ತಿಂದೈತಿ. ಕೈಪಿಡಿಯಲ್ಲಿ ಪ್ರತಿ ಕ್ರಿಯಾಪದಕ್ಕೂ ಒಂದು ಪರೀಕ್ಷೆ, ಒಂದು ಕೆಲಸ ಗಂಟುಹಾಕಿದರೆ ಮುಗಿಯಿತು.

‘ಹಿಡಿದ’ ತುಕ್ಕು ಬೆರಳಿಗೆ ಕಂದು ಬಣ್ಣವಾಗಿ ಅಂಟುತ್ತದೆ. ಉಜ್ಜಿದರೆ ಕೆಳಗೆ ನುಣುಪಾದ ಲೋಹ ಸಿಗುತ್ತದೆ. ವೈರ್ ಬ್ರಷ್, 80ರ ಎಮರಿ, ಆಮೇಲೆ 120ರದ್ದು, ಅದೇ ದಿನ ಪ್ರೈಮರ್. ‘ಅದೇ ದಿನ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ತೇವದ ಗಾಳಿಯಲ್ಲಿ ಬರಿಮೈ ಉಕ್ಕು ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ.

‘ಹಕ್ಕಳೆ ಎದ್ದ’ದ್ದು ಎಂದರೆ ಪದರ ಪದರವಾಗಿ ಬಿಟ್ಟುಕೊಂಡದ್ದು. ಗಾಯದ ಹಕ್ಕಳೆಯ ಹಾಗೇ ಇದರಲ್ಲೂ ಕೆಳಗೇನಿದೆ ಎಂಬುದು ಕೀಳುವವರೆಗೆ ತಿಳಿಯದು. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ; ಎರಡು ತಗಡು ಸೇರುವ ಕಡೆ ಈ ಉಬ್ಬರವೇ ಜೋಡಣೆಯನ್ನು ಬಿರಿಸಿ ಇನ್ನಷ್ಟು ನೀರಿಗೆ ದಾರಿ ಮಾಡುತ್ತದೆ. ಹಕ್ಕಳೆಯ ಮೇಲೆ ಯಾವ ರಾಸಾಯನಿಕ ಸುರಿದರೂ ವ್ಯರ್ಥ, ಅದು ಮೇಲಿನ ಪದರವನ್ನಷ್ಟೇ ಮುಟ್ಟುತ್ತದೆ. ಮೊದಲು ಉಳಿ-ಸುತ್ತಿಗೆಯಿಂದ ಕೆತ್ತಿ ಉದುರಿಸಬೇಕು.

‘ಕುಳಿ ಬಿದ್ದ’ದ್ದು ಸಿಡುಬಿನ ಕಲೆಯಂತೆ ಕಾಣುತ್ತದೆ. ತಗಡು ಗಟ್ಟಿಯಿದ್ದರೂ ಗುಂಡಿಯ ತಳದಲ್ಲಿ ತುಕ್ಕು ಉಳಿದಿರುತ್ತದೆ, ಗ್ರೈಂಡರ್ ಅಲ್ಲಿಗೆ ತಲುಪುವುದಿಲ್ಲ. ತಲುಪಿಸಲು ಹೋದರೆ ಸುತ್ತಲಿನ ಒಳ್ಳೆ ಲೋಹವೇ ಸವೆದು ಕಾಗದವಾಗುತ್ತದೆ. ಇಲ್ಲಿ ಫಾಸ್ಫಾರಿಕ್ ಆಮ್ಲದ ದ್ರಾವಣಕ್ಕೆ ನಿಜವಾದ ಕೆಲಸವಿದೆ. ಅದನ್ನು ‘ತುಕ್ಕು ಪರಿವರ್ತಕ’ ಎಂದು ಮಾತ್ರ ಬರೆಯಬೇಡಿ. ನಮ್ಮ ಓದುಗರಿಗೆ ಪರಿವರ್ತಕ ಎಂದರೆ ಬೀದಿಯ ಕಂಬದ ಮೇಲೆ ಕೂತ ಟ್ರಾನ್ಸ್‌ಫಾರ್ಮರ್. ‘ತುಕ್ಕು ಕಟ್ಟುವ ದ್ರಾವಣ’ ಎನ್ನಿ.

‘ತಿಂದ’ದ್ದಕ್ಕೆ ಮದ್ದಿಲ್ಲ, ಕತ್ತರಿಸಬೇಕು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ: ಒಳಗೆ ಹೋದರೆ, ಅಥವಾ ಚಿಕ್ಕ ಸುತ್ತಿಗೆಯಿಂದ ತಟ್ಟಿದಾಗ ‘ಟಣ್’ ಎನ್ನದೆ ‘ಬದ್’ ಎಂದರೆ, ಅದು ತಿಂದದ್ದೇ. ತೂತಿನ ಅಂಚಿಗೆ ನಿಲ್ಲಿಸದೆ ಇನ್ನೂ 25 ಮಿ.ಮೀ.ನಷ್ಟು ಆಚೆ, ಎರಡೂ ಮೈ ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಬೇಕು. ಹಳೆ ಗಾಡಿಗಳಲ್ಲಿ ಇದನ್ನು ಮಾಡದೆ ಪುಟ್ಟಿ ಮೆತ್ತಿರುತ್ತಾರೆ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಎಳೆಯುತ್ತ ಹೋಗಿ, ಹಿಡಿತ ಸಡಿಲವಾದಲ್ಲೆಲ್ಲ ಪುಟ್ಟಿ ಇದೆ. ಒಂದು ಎಚ್ಚರ: ಟ್ರಾವೆಲರ್‌ನ ಹಿಂಭಾಗದ ಅಲ್ಯೂಮಿನಿಯಂ ತಗಡಿಗೆ ಅಯಸ್ಕಾಂತ ಅಂಟುವುದೇ ಇಲ್ಲ, ಅದನ್ನು ನೋಡಿ ಗಾಬರಿಯಾಗಬಾರದು. ‘ಮೆತ್ತು’ ಎಂಬ ಮಾತಿನಲ್ಲೇ ಬೈಗುಳ ಸೇರಿಕೊಂಡಿರುವುದು ಸೊಗಸಾಗಿದೆ. ಸರಿಯಾಗಿ ಹಾಕಿದ್ದಕ್ಕೆ ‘ಪುಟ್ಟಿ ಎಳೆ’ ಎನ್ನಿ. ಅದು 3 ಮಿ.ಮೀ. ದಾಟಬಾರದು.

ಇನ್ನು ಭಾಗಗಳ ಹೆಸರು. ಮೋಟಾರಿನ ಪದಕೋಶದಲ್ಲಿ ಹುಡುಕಿದರೆ ಸಿಗುವುದಿಲ್ಲ, ಮನೆಯಲ್ಲಿ ಹುಡುಕಿ. ಬಾಗಿಲ ಕೆಳಗಿನ ಸಿಲ್ ‘ಹೊಸ್ತಿಲು’. ಬಾಗಿಲ ಪಕ್ಕದ ಪಿಲ್ಲರ್ ‘ಕಂಬ’. ಅಡಿಯಲ್ಲಿ ಅಡ್ಡಹಾಯುವ ಕ್ರಾಸ್ ಮೆಂಬರ್ ‘ಅಡ್ಡತೊಲೆ’. ಛಾವಣಿಯ ಅಂಚಿನ ನೀರುದಾರಿ ‘ದೋಣಿ’. ಡ್ರೈನ್ ಹೋಲ್‌ಗೆ ಕೆರೆಯ ‘ತೂಬು’ ಇರುವಾಗ ‘ಒಳಚರಂಡಿ ರಂಧ್ರ’ ಯಾಕೆ? ತೂಬು ಕಟ್ಟಿಕೊಂಡರೆ ಏನಾಗುತ್ತದೆಂದು ವಿವರಿಸುವ ಅಗತ್ಯವೇ ಇಲ್ಲ. ಹಿಂದಿನ ಬಾಗಿಲು ಇಲ್ಲಿ ಮೇಲಕ್ಕೆ ಏಳುವುದಿಲ್ಲ, ಪಕ್ಕಕ್ಕೆ ತೆರೆಯುವ ಎರಡು ಹಲಗೆ. ಹಾಗಾಗಿ ‘ಡಿಕ್ಕಿ’ ಬೇಡ, ‘ಜೋಡಿ ಕದ’.

ಈ ಮನೆಯ ಪದಗಳು ಕೆಲಸದ ಅನುಕ್ರಮವನ್ನೂ ಹೇಳಿಕೊಡುತ್ತವೆ. ಮೈನರ್‌ಗೆ ಪ್ರತ್ಯೇಕ ಚಾಸಿಸ್ ಇಲ್ಲ. ಹೊಸ್ತಿಲೆಂದರೆ ಹಲವು ತಗಡು ಕೂಡಿದ ಪೆಟ್ಟಿಗೆ, ಗಾಡಿಯ ನಡು ಬಗ್ಗದಂತೆ ಹಿಡಿದಿರುವುದು ಅದೇ. ಎರಡೂ ಹೊಸ್ತಿಲನ್ನು ಒಟ್ಟಿಗೆ ಕಿತ್ತರೆ ನಡು ಕುಸಿದು, ಆಮೇಲೆ ಬಾಗಿಲು ಹಾಕಲು ಬಾರದು. ಮೊದಲು ಬಾಗಿಲ ಬಾಯಿಗೆ ಅಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ಚೌಕ ಪೈಪು ಬೆಸೆದು ಬಿಗಿ ಮಾಡಿ, ಒಂದು ಬದಿ ಪೂರ್ತಿ ಮುಗಿಸಿ, ಬಾಗಿಲ ಸಂದು ಅಳೆದು, ಆಮೇಲೆ ಇನ್ನೊಂದು ಬದಿ. ಅಡ್ಡತೊಲೆಯ ವಿಷಯ ಇನ್ನೂ ಸೂಕ್ಷ್ಮ. ಮುಂದಿನ ಚಕ್ರಗಳ ಭಾರ ಹೊರುವ ಟಾರ್ಷನ್ ಬಾರ್‌ಗಳ ಹಿಂತುದಿ ಅದರಲ್ಲೇ ಕೂತಿದೆ. ‘ತಿರುಚು ಸರಳು’ ಎನ್ನಬಹುದು. ಆ ಹೆಸರೇ ಅಪಾಯವನ್ನೂ ಹೇಳುತ್ತದೆ. ತಿರುಚು ಬಿಡಿಸದೆ ತೊಲೆ ಕತ್ತರಿಸಿದರೆ ಸರಳು ಸಿಡಿದು ಕೈಕಾಲು ಮುರಿಯುತ್ತದೆ.

ಬೆಸುಗೆಯ ಗೊಂದಲ ಹಳೆಯದು. ತಗಡನ್ನೇ ಕರಗಿಸಿ ಒಂದಾಗಿಸುವುದಕ್ಕೂ, ಸೀಸ-ತವರ ಕರಗಿಸಿ ಅಂಟಿಸುವುದಕ್ಕೂ ಅದೇ ಪದ. ಕೈಪಿಡಿಯಲ್ಲಿ ‘ಬೆಸುಗೆ’ ವೆಲ್ಡಿಂಗಿಗೆ ಮೀಸಲಿರಲಿ, ಇನ್ನೊಂದು ‘ಸೀಸದ ಬೆಸುಗೆ’ ಆಗಲಿ. ತಂತಿ ತಾನಾಗಿ ಹೊರಬರುತ್ತ ಬೆಸೆಯುವ ಮಿಗ್ ಯಂತ್ರಕ್ಕೆ ನಮ್ಮ ಕಾರ್ಖಾನೆಗಳ ಹೆಸರು ‘ಸಿಒ2 ವೆಲ್ಡಿಂಗ್’, ಅದನ್ನೂ ಒಮ್ಮೆ ಹೇಳಿ. ಉಳಿದದ್ದಕ್ಕೆ ದರ್ಜಿಯ ಬಳಿ ಹೋಗಿ. ಪ್ಯಾಚ್ ಎಂದರೆ ‘ತೇಪೆ’. ಟ್ಯಾಕ್ ವೆಲ್ಡ್ ಎಂದರೆ ‘ಕಚ್ಚಾ ಹೊಲಿಗೆ’. ಇಂಗ್ಲಿಷಿನಲ್ಲೂ ಬಟ್ಟೆಯ ಕಚ್ಚಾ ಹೊಲಿಗೆಗೆ ಟ್ಯಾಕ್ ಎಂದೇ ಹೆಸರು. ಹೊರಮೈಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ತಗಡು, ಹೊಸ್ತಿಲು-ತೊಲೆಗೆ 18 ಗೇಜ್, 1.2 ಮಿ.ಮೀ. ತೆಳು ತಗಡಿಗೆ 0.6 ಮಿ.ಮೀ. ತಂತಿ. ತೇಪೆಯನ್ನು ಅಂಚಿಗೆ ಅಂಚು ಕೂರಿಸಿ 25 ಮಿ.ಮೀ.ಗೊಂದು ಕಚ್ಚಾ ಹೊಲಿಗೆ; ಒಂದು ಈ ತುದಿಗೆ, ಮುಂದಿನದು ಆ ತುದಿಗೆ. ಸಾಲಾಗಿ ಎಳೆದುಕೊಂಡು ಹೋದರೆ ಕಾವಿಗೆ ತಗಡು ಹಪ್ಪಳದಂತೆ ಏಳುತ್ತದೆ. ಒಂದರ ಮೇಲೊಂದು ಹೊದಿಸುವ ತೇಪೆ ಸುಲಭ, ಆದರೆ ಎರಡರ ನಡುವೆ ನೀರು ಕೂತು ಹಿಂದಿನಿಂದ ತಿನ್ನುತ್ತದೆ. ಸತು ಲೇಪಿಸಿದ ಜಿಐ ಶೀಟು ತುಕ್ಕು ಹಿಡಿಯುವುದಿಲ್ಲವೆಂದು ಅದನ್ನೇ ಬೆಸೆಯುವವರಿದ್ದಾರೆ. ಆ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ. ಸತು ಲೇಪವಿಲ್ಲದ ಸಿಆರ್ (ಕೋಲ್ಡ್ ರೋಲ್ಡ್) ಶೀಟೇ ಸರಿ. ಬೆಸುಗೆಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಬೇಕು, ಹಿಂದಿನ ನೆಲದ ಕೆಳಗಿರುವ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಡಬೇಕು.

ಕೆಲಸ ಮುಗಿದ ಮೇಲೆ ತುಕ್ಕು ತಡೆಯಲು ಹೊಸ್ತಿಲಿನ ಒಳಗೆ ಎರೆಯುವ ಕ್ಯಾವಿಟಿ ವ್ಯಾಕ್ಸ್‌ಗೆ ‘ಒಳಮೇಣ’ ಸಾಕು. ಬಣ್ಣ ಒಣಗಿದ ಮೇಲೆ, ಕೊನೆಗೆ. ಮೊದಲೇ ಹಾಕಿದರೆ ಬೆಸುಗೆಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ಎರೆದಾದ ಮೇಲೆ ತೂಬಿಗೆ ತಂತಿ ಹಾಕಿ ನೋಡಿ, ಮೇಣವೇ ಅದನ್ನು ಮುಚ್ಚಿರುತ್ತದೆ.

ಉತ್ತರ 2

ಮೇಲಿನವರ ಕ್ರಿಯಾಪದದ ಮಾತಿಗೆ ಪೂರ್ಣ ಒಪ್ಪಿಗೆ. ಮರಕ್ಕೂ ಅದೇ ದಾರಿ. ಮೈಸೂರಿನ ಕಡೆ ಮರ ‘ಲಡ್ಡು ಹಿಡಿಯುತ್ತದೆ’, ಮಲೆನಾಡಿನಲ್ಲಿ ‘ಕುಂಬಾಗುತ್ತದೆ’. ಎರಡೂ ನೀರಿನಿಂದ ಮೆತ್ತಗಾದದ್ದು, ಗೆದ್ದಲು ತಿಂದದ್ದಲ್ಲ. ಈ ಗಾಡಿಗೆ ಬೇಕಾದದ್ದೂ ಇದೇ ಅರ್ಥ. ಟ್ರಾವೆಲರ್‌ನ ಪಕ್ಕದ ಕಿಟಕಿಗಳು ಜಾರುವ ಗಾಜಿನವು. ಗಾಜು ಓಡುವ ಗಾಡಿಯಲ್ಲಿ ನೀರು ನಿಂತು ಪಾಚಿ ಬೆಳೆಯುತ್ತದೆ, ಕೆಳಗಿನ ಮರ ಕುಂಬಾಗುತ್ತದೆ. ಆ ಗಾಡಿಗೂ ತೂಬಿದೆ, ಅದು ಕಟ್ಟಿಕೊಂಡದ್ದೇ ಕಾರಣ. (ಕೊರೆದ ಸಾಲಿಗೆ ‘ಗಾಡಿ’ ಎನ್ನುವುದು ಬಡಗಿಗಳ ಮಾತು. ಇಲ್ಲಿ ‘ಗಾಡಿಯ ಗಾಡಿ’ ಆಗಿ ಎಡವಟ್ಟಾಗುವುದರಿಂದ ‘ಕಾಲುವೆ’ ಎನ್ನಿ.)

ಆಶ್ ಬದಲು ತೇಗ ಹಾಕಬಹುದೇ ಎಂದು ಭಾರತದ ಓದುಗರು ಕೇಳಿಯೇ ಕೇಳುತ್ತಾರೆ. ತೇಗ ನೀರಿಗೆ ಬಾಳುತ್ತದೆ, ಆದರೆ ಅದರಲ್ಲಿ ಎಣ್ಣೆಯಿದೆ. ಅಂಟು ಹಚ್ಚುವ ತುಸು ಮುಂಚೆ ಅಸಿಟೋನಿನಿಂದ ಒರೆಸದಿದ್ದರೆ ಕಚ್ಚು ಬಿಡುತ್ತದೆ. ಆಶ್‌ಗಿರುವ ಬಳುಕೂ ತೇಗಕ್ಕಿಲ್ಲ. ಯಾವ ಮರವಾದರೂ ಜೋಡಿಸುವ ಮುಂಚೆಯೇ ಎಲ್ಲ ಮೈಗೂ, ಮುಖ್ಯವಾಗಿ ಅಡ್ಡ ಕೊಯ್ದ ತುದಿಗಳಿಗೆ, ಬಣ್ಣವೋ ಎಣ್ಣೆಯೋ ಕುಡಿಸಬೇಕು. ನೀರು ಏರುವುದು ಆ ತುದಿಯಿಂದ. ‘ಕುಡಿಸು’ ಎಂದೇ ಬರೆಯಿರಿ. ‘ಲೇಪಿಸು’ ಎಂದರೆ ಮೇಲೆ ದಪ್ಪಗೆ ಬಳಿದು ಬಿಡುತ್ತಾರೆ. ದಪ್ಪ ವಾರ್ನಿಷ್ ಬಿರುಕು ಬಿಟ್ಟರೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ.

ಕಬ್ಬಿಣದ ಸ್ಕ್ರೂ ಸುತ್ತ ಮರ ಕಪ್ಪಾಗುವುದಕ್ಕೆ ಇಂಗ್ಲಿಷಿನಲ್ಲಿ ಕಲೆ ಎಂದಷ್ಟೇ ಇದೆ. ಮರದ ಒಗರೂ ಕಬ್ಬಿಣವೂ ತೇವದಲ್ಲಿ ಕೂಡಿದರೆ ಹುಟ್ಟುವ ಕಪ್ಪು ಅದು. ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಆದ್ದರಿಂದ ‘ಶಾಯಿ ಕಟ್ಟಿದೆ’ ಎನ್ನಬಹುದು. ಆಕ್ಸಾಲಿಕ್ ಆಮ್ಲದ ನೀರಿನಲ್ಲಿ ಒರೆಸಿ, ಚೆನ್ನಾಗಿ ತೊಳೆದರೆ ತಿಳಿಯಾಗುತ್ತದೆ. ಅದು ವಿಷ, ಕೈಗವಸು ಬೇಕು. ಮತ್ತೆ ಹಾಕುವಾಗ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ. ಟ್ಯಾನಿಕ್ ಆಮ್ಲದ ‘ತುಕ್ಕು ಕಟ್ಟುವ ದ್ರಾವಣ’ ಹಚ್ಚಿದಾಗ ಉಕ್ಕು ನೀಲಿಗಪ್ಪಾಗುವುದೂ ಇದರಿಂದಲೇ: ಒಂದು ಕಡೆ ಕೇಡು, ಇನ್ನೊಂದು ಕಡೆ ಮದ್ದು.

ಅಲ್ಯೂಮಿನಿಯಮ್ಮಿಗೆ ‘ಕಿಲುಬು’ ಒಪ್ಪಿಗೆಯಿಲ್ಲ. ಕಿಲುಬು ತಾಮ್ರ-ಹಿತ್ತಾಳೆಯದು, ತಮಿಳಿನ ‘ಕಳಿಂಬು’, ತೆಲುಗಿನ ‘ಚಿಲುಮು’ ಕೂಡ ಹಾಗೇ. ತುಕ್ಕು ಕಬ್ಬಿಣದ್ದು, ತೆಲುಗಿನಲ್ಲಿ ‘ತುಪ್ಪು’, ತಮಿಳಿನಲ್ಲಿ ‘ತುರು’. ಮೂರೂ ಭಾಷೆ ಕಾಯ್ದುಕೊಂಡ ಭೇದವನ್ನು ನಾವು ಕೆಡಿಸುವುದು ಬೇಡ. ಜಮೀನಿನಲ್ಲಿ ಬಿಳಿಯಾಗಿ ಮೇಲೇಳುವುದಕ್ಕೆ ‘ಸವಳು’ ಇದೆ. ‘ಅಲ್ಯೂಮಿನಿಯಂ ಸವಳು ಎದ್ದಿದೆ’ ಎಂದರೆ ಬಣ್ಣವೂ ಕಣ್ಣಿಗೆ ಕಟ್ಟುತ್ತದೆ. ಉಕ್ಕು ನೇರವಾಗಿ ತಾಗುವಲ್ಲಿ ಅದು ಹೆಚ್ಚಾಗಿ ಏಳುತ್ತದೆ. ನಡುವೆ ರಬ್ಬರ್ ಪಟ್ಟಿಯೋ ದಪ್ಪ ಪ್ರೈಮರೋ ಇರಲೇಬೇಕು.

ಉತ್ತರ 3

ಎರಡು ಸಣ್ಣ ಮಾತು. ‘ಮರುಸ್ಥಾಪನೆ’ ಎಂದರೆ ಈಗ ಎಲ್ಲರಿಗೂ ಮೊಬೈಲ್ ರೀಸೆಟ್. ಗುಡಿಗೆ ಬಳಸುವ ‘ಜೀರ್ಣೋದ್ಧಾರ’ ಇಲ್ಲಿಗೆ ಹೇಳಿ ಮಾಡಿಸಿದಂತಿದೆ: ಉಳಿಯುವುದನ್ನು ಉಳಿಸಿ, ಕೆಟ್ಟದ್ದನ್ನಷ್ಟೇ ಬದಲಿಸುವುದು. ಹೊಸ್ತಿಲು, ಕಂಬ, ತೊಲೆ ಬಂದ ಮೇಲೆ ಅದು ಅತಿಯೆನಿಸುವುದೂ ಇಲ್ಲ. ಬರೀ ಎಂಜಿನ್ ಓಡುವಂತೆ ಮಾಡಿದರೆ ಅದು ‘ರಿಪೇರಿ’.

ಗಾಡಿಯ ಹೆಸರು ಮಾತ್ರ ಕನ್ನಡಿಸಬೇಡಿ. ‘ವ್ಯಾಗನ್’ ಎಂದರೆ ಗೂಡ್ಸ್ ರೈಲು, ‘ಸ್ಟೇಷನ್’ ಎಂದರೆ ಪೊಲೀಸು, ಬ್ರಿಟಿಷರಂತೆ ‘ಎಸ್ಟೇಟ್ ಕಾರು’ ಎಂದರೆ ಚಿಕ್ಕಮಗಳೂರಿನವರು ಕಾಫಿ ಮೂಟೆ ಹೊರುವ ಜೀಪು ಎಂದುಕೊಳ್ಳುತ್ತಾರೆ, ‘ಟ್ರಾವೆಲರ್’ ಎಂದರೆ ಧರ್ಮಸ್ಥಳಕ್ಕೆ ಹೊರಟ ಟೆಂಪೋ. ಮೊದಲ ಪುಟದಲ್ಲಿ ಒಂದು ಚಿತ್ರ ಹಾಕಿ, ಆಮೇಲೆ ಉದ್ದಕ್ಕೂ ‘ಗಾಡಿ’ ಎನ್ನಿ.