ಜುಲೈಯಲ್ಲಿ ಟೂರ್ ಡಿ ಫ್ರಾನ್ಸ್ ನೋಡಲು ಸೈಕಲ್ ಪ್ರವಾಸ: ಗೈಡ್ ಬೇಕಾ, ನಾವೇ ಹೋಗಬಹುದಾ?

ನಾಪೋಕ್ಲು ಪೆಡಲ್:

ಎಲ್ಲರಿಗೂ ನಮಸ್ಕಾರ. ನನಗೆ 51 ವರ್ಷ. ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ, ಒಂದೂವರೆ ಎಕರೆ ಗದ್ದೆ. ರೊಬಸ್ಟಾ ಕೊಯ್ಲು ಮುಗಿಯಿತು. ಸ್ಪ್ರಿಂಕ್ಲರ್ ಅದರ ಪಾಡಿಗೆ ಸುತ್ತುತ್ತಿದೆ. ಹಾಗಾಗಿ ಕೂತು ಯೋಚನೆ ಮಾಡಲು ಸ್ವಲ್ಪ ಪುರುಸೊತ್ತು ಸಿಕ್ಕಿದೆ.

ಎಂಟು ವರ್ಷದಿಂದ ರೋಡ್ ಬೈಕ್ ತುಳಿಯುತ್ತಿದ್ದೇನೆ. ವಾರಕ್ಕೆ ಮೂರು ದಿನ. ಭಾನುವಾರ ಭಾಗಮಂಡಲ ದಾಟಿ ತಲಕಾವೇರಿಗೆ ಹತ್ತಿ ಬರುತ್ತೇನೆ. ಟೂರ್ ಡಿ ಫ್ರಾನ್ಸ್ ಟಿ.ವಿ.ಯಲ್ಲಿ ನೋಡುವುದು ಅದಕ್ಕಿಂತ ಹಳೆಯ ಚಟ. ಆದರೆ ನಮ್ಮೂರ ಜುಲೈ ನಿಮಗೆ ಗೊತ್ತಲ್ಲ. ಕೊನೆಯ 5 ಕಿ.ಮೀ. ಬರುವ ಹೊತ್ತಿಗೆ ಸರಿಯಾಗಿ ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ. ಗೆದ್ದವರು ಯಾರು ಅಂತ ಮರುದಿನ ಟವರ್ ಸಿಕ್ಕಿದ ಮೇಲೆ ಗೊತ್ತಾಗುತ್ತದೆ.

ಈ ಸಲ ಕಾಫಿ ದರ ಕೈ ಹಿಡಿಯಿತು. ಹೋಗಿಯೇ ನೋಡೋಣ ಅಂತ ಮನಸ್ಸಾಗಿದೆ. ಒಂದು ಕಂಪನಿಯವರ ಎಂಟು ದಿನದ ಪ್ಯಾಕೇಜ್ ನೋಡಿದೆ. ಹೋಟೆಲ್, ಬಾಡಿಗೆ ಸೈಕಲ್, ಗೈಡ್, ಹಿಂದೆ ಬರುವ ವ್ಯಾನ್ ಎಲ್ಲ ಸೇರಿದೆ. ದಿನಾ ಒಂದು ಘಾಟಿ ಹತ್ತುವುದು, ಎರಡು ದಿನ ರಸ್ತೆ ಬದಿಯಲ್ಲಿ ನಿಂತು ರೇಸ್ ನೋಡುವುದು. ದರ ಹೇಳಿದಾಗ ಮನೆಯವಳು ಅದನ್ನು ರೊಬಸ್ಟಾ ಚೀಲದ ಲೆಕ್ಕಕ್ಕೆ ತಿರುಗಿಸಿ ತೋರಿಸಿದಳು. ಆ ಲೆಕ್ಕ ಇಲ್ಲಿ ಬರೆಯುವುದಿಲ್ಲ.

ಯಾರಾದರೂ ಹೋಗಿ ಬಂದವರು ಇದ್ದೀರಾ? ಗೈಡ್‌ಗೆ ಅಷ್ಟು ದುಡ್ಡು ಕೊಡುವುದು ಸರಿಯಾ? ತಲಕಾವೇರಿ ಹತ್ತುವವನು ಟೂರ್‌ನ ಹೆಸರಾಂತ ಏರು ಆಲ್ಪ್ ದ್ಯುಎಜ್ ಹತ್ತಬಹುದಾ? ಜೂನ್ ಮಳೆಯಲ್ಲಿ ತಯಾರಿ ಹೇಗೆ? ಇನ್ನೊಂದು, ಜುಲೈ ಅಂದರೆ ನಾಟಿ ಸಮಯ. ನಾಟಿ ಬಿಟ್ಟು ಸೈಕಲ್ ತುಳಿಯಲು ಹೋದವನು ಅಂತ ಊರಲ್ಲಿ ಹೆಸರು ಬರುವುದು ಖಂಡಿತ. ಅದಕ್ಕೆ ಇಲ್ಲಿ ಉತ್ತರ ಕೇಳುತ್ತಿಲ್ಲ.

ಸಂಪಾಜೆ ಸವಾರ:

ಹತ್ತಬಹುದು ಮಾರಾಯ್ರೆ. ಆದರೆ ತಲಕಾವೇರಿಯನ್ನು ಅಳತೆಗೆ ಇಟ್ಟುಕೊಳ್ಳಬೇಡಿ. ಭಾಗಮಂಡಲದಿಂದ ಅದು 8 ಕಿ.ಮೀ. ಅಷ್ಟೆ. ನಮ್ಮ ಘಾಟಿ ತೆಗೆದುಕೊಳ್ಳಿ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಎತ್ತರ ಸಾವಿರ ಮೀಟರಿನ ಆಸುಪಾಸು. ಅದು 25 ಕಿ.ಮೀ.ಗಿಂತ ಜಾಸ್ತಿ ದೂರಕ್ಕೆ ಹರಡಿಕೊಂಡಿದೆ. ಆಲ್ಪ್ ದ್ಯುಎಜ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಎತ್ತರವನ್ನು 13.8 ಕಿ.ಮೀ.ಯಲ್ಲಿ ಮುಗಿಸಬೇಕು. ಸರಾಸರಿ ಏರು ಶೇ. 8.1. ನಮ್ಮ ಘಾಟಿಯಲ್ಲಿ ನಡುವೆ ಒಂದು ಸೇತುವೆ ಬರುತ್ತದೆ, ಒಂದು ತಗ್ಗು ಬರುತ್ತದೆ, ಒಂದು ಚಹಾ ಅಂಗಡಿ ಬರುತ್ತದೆ. ಕಾಲಿಗೆ ಅರ್ಧ ನಿಮಿಷ ರಜೆ ಸಿಗುತ್ತದೆ. ಅಲ್ಲಿ ಆ ರಜೆ ಇಲ್ಲ.

ಬಾಡಿಗೆ ಸೈಕಲ್ ಬುಕ್ ಮಾಡುವಾಗಲೇ ಗೇರ್ ಕೇಳಿ. ಮುಂದಿನ ಚಿಕ್ಕ ರಿಂಗ್ 34 ಹಲ್ಲು, ಹಿಂದಿನ ದೊಡ್ಡದು 34 ಹಲ್ಲು ಇರಲಿ. ಏರಿಗೆ ಹಗುರ ಆಗುತ್ತದೆ, ಮರ್ಯಾದೆ ನೋಡಬೇಡಿ.

ಮೇ ಕೊನೆವರೆಗೆ ಹೊರಗೆ ತುಳಿಯಿರಿ. ಜೂನ್‌ನಲ್ಲಿ ಸೈಕಲ್ ಕಾರಿಗೆ ಹಾಕಿ ಕುಶಾಲನಗರಕ್ಕೆ ಇಳಿಯಿರಿ. ಭಾಗಮಂಡಲದಲ್ಲಿ ಕೊಡೆ ಮಗುಚಿ ಹೋಗುವ ದಿನವೂ ಆ ಕಡೆ ಎಷ್ಟೋ ಸಲ ರಸ್ತೆ ಒಣಗಿರುತ್ತದೆ. ಅದೂ ಆಗದಿದ್ದರೆ ಮನೆಯಲ್ಲೇ ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಒಂದೂವರೆ ಗಂಟೆ ಕಾಲು ನಿಲ್ಲಿಸದೆ ತುಳಿಯಿರಿ. ಬೇಜಾರಾಗುತ್ತದೆ. ಆದರೂ ತುಳಿಯಿರಿ.

ಅಮ್ಮತ್ತಿ 42:

ಸುಮ್ನೆ ಯಾಕೆ ಸರ್ ಅಷ್ಟು ದೂರ? ಈ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನೋಡಲು ಹೋಗಿದ್ದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಮಾನ್ಯತೆಯ ರೇಸ್, 437 ಕಿ.ಮೀ. ಹೊರದೇಶದ ತಂಡಗಳು ಬಂದಿದ್ದವು. ರಾತ್ರಿ ಬಸ್ಸಿನ ದುಡ್ಡಲ್ಲಿ ಹೋಗಿ ಬಂದೆ. ಘಾಟಿ ಹತ್ತುವ ಆಸೆ ಇದ್ದರೆ ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಇದೆ, 36 ತಿರುವು. ಆಲ್ಪ್ ದ್ಯುಎಜ್‌ಗಿಂತ 15 ಜಾಸ್ತಿ. ವೀಸಾ ಬೇಡ. ರೇಸ್ ಹೇಗೂ ನಿಮ್ಮ ಮುಂದೆ ಎರಡು ನಿಮಿಷ ಹೋಗುತ್ತದೆ, ಟಿ.ವಿ.ಯಲ್ಲಾದರೆ ಪೂರ್ತಿ ಕಾಣುತ್ತದೆ.

ಗಾಳಿಬೀಡು ಅಕ್ಕ:

ನಾನು 2022ರಲ್ಲಿ ಹೋಗಿದ್ದೆ. ಆಗ ನನಗೆ 46. ಗಾಳಿಬೀಡಿನಲ್ಲಿ ನಮ್ಮ ಹೋಂಸ್ಟೇ ಇದೆ. ಜುಲೈಯಲ್ಲಿ ಅತಿಥಿಗಳಿಗಿಂತ ಜಿಗಣೆಗಳೇ ಜಾಸ್ತಿ, ಹಾಗಾಗಿ ಬೀಗ ಹಾಕಿ ಹೊರಡುವುದು ಕಷ್ಟ ಆಗಲಿಲ್ಲ.

ಗೈಡ್‌ಗೆ ಕೊಡುವ ದುಡ್ಡು ದಾರಿ ತೋರಿಸುವುದಕ್ಕಲ್ಲ. ದಾರಿಯನ್ನು ಹ್ಯಾಂಡಲ್ ಮೇಲಿನ ಜಿಪಿಎಸ್ ತೋರಿಸುತ್ತದೆ. ಯಾವ ರಸ್ತೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಕಾರು ನಿಲ್ಲಿಸಿದ ಮೇಲೂ ಸೈಕಲ್ ಎಲ್ಲಿವರೆಗೆ ಬಿಡುತ್ತಾರೆ, ರೇಸ್ ಮುಗಿದ ಮೇಲೆ ಹೋಟೆಲಿಗೆ ವಾಪಸ್ ಬರುವುದು ಹೇಗೆ, ಇಷ್ಟು ತಿಳಿದಿರುವುದಕ್ಕೆ. ಇದು ಗೊತ್ತಿರುವ ಗೈಡ್ ಸಿಕ್ಕಿದರೆ ದುಡ್ಡು ದಂಡ ಅಲ್ಲ. ನಮಗೆ ಸಿಕ್ಕಿದವನಿಗೆ ಗೊತ್ತಿರಲಿಲ್ಲ.

ಕಂಪನಿಯ ಹೆಸರು ಬೇಡ. ಹುಡುಗ ಒಳ್ಳೆಯವನು, ಟಯರ್ ಪಂಕ್ಚರ್ ಎರಡು ನಿಮಿಷದಲ್ಲಿ ಹಾಕುತ್ತಿದ್ದ. ಜುಲೈ 13ರಂದು ರೇಸ್ ಗಾಲಿಬಿಯೆ ಘಾಟಿ ಇಳಿದು ಲೊತಾರೆ ಘಾಟಿಯ ಮೇಲೆ ಹೋಗುವುದಿತ್ತು. ಗಾಲಿಬಿಯೆ ಅಂದರೆ 2,642 ಮೀಟರ್, ನಮ್ಮ ತಡಿಯಂಡಮೋಳು 1,748. ನಾವು ಹನ್ನೊಂದು ಜನ. ಅರ್ಧ ದಾರಿ ವ್ಯಾನ್, ಉಳಿದದ್ದು ಸೈಕಲ್. ಅವನು ಬೆಳಿಗ್ಗೆ ತಿಂಡಿಗೆ ಆರಾಮಾಗಿ ಕೂತ. ಲೊತಾರೆಗೆ ಇನ್ನೂ 4 ಕಿ.ಮೀ. ಇದೆ ಅನ್ನುವಾಗ ಪೊಲೀಸರು ಕೈ ಅಡ್ಡ ಹಿಡಿದರು. ತುಳಿಯುವ ಹಾಗಿಲ್ಲ, ತಳ್ಳಿಕೊಂಡು ಹೋಗಿ ಅಂದರು. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಶೂ ಹಾಕಿ ಡಾಂಬರಿನ ಮೇಲೆ 4 ಕಿ.ಮೀ. ನಡೆದು ನೋಡಿ, ಗೊತ್ತಾಗುತ್ತದೆ. ಬಾತುಕೋಳಿ ಸಾಲು ಹೋದ ಹಾಗೆ ಹೋದೆವು. ಮೇಲೆ ತಲುಪುವಾಗ ಹೆಲಿಕಾಪ್ಟರ್ ಆಗಲೇ ಬ್ರಿಯಾನ್ಸೋನ್ ಕಡೆ ತಿರುಗಿತ್ತು. ಉಳಿದದ್ದನ್ನು ಒಂದು ಕೆಫೆಯ ಟಿ.ವಿ.ಯಲ್ಲಿ ನೋಡಿದೆವು. ಆ ದಿನವೇ ಗ್ರಾನೋನ್ ಏರಿನಲ್ಲಿ ಅಲ್ಲಿವರೆಗೆ ಮುಂದಿದ್ದ ಪೊಗಾಚಾರ್ ಸೋತು, ವಿಂಗೆಗೋ ಒಟ್ಟು ಲೆಕ್ಕದಲ್ಲಿ ಮುಂದಿರುವವರ ಹಳದಿ ಜೆರ್ಸಿ ಹಾಕಿಕೊಂಡದ್ದು. ಆ ವರ್ಷದ ಟೂರ್ ತಿರುಗಿದ್ದೇ ಅಲ್ಲಿ. ನಾನು ಫ್ರಾನ್ಸ್‌ವರೆಗೆ ಹೋಗಿ ಅದನ್ನು ಟಿ.ವಿ.ಯಲ್ಲಿ ನೋಡಿದೆ. ಅಮ್ಮತ್ತಿಯವರೇ, ನಗಬೇಡಿ.

ಮರುದಿನ ಆಲ್ಪ್ ದ್ಯುಎಜ್. ಆ ಹುಡುಗನನ್ನು ಯಾರೂ ಕೇಳಲಿಲ್ಲ. ನಾವೇ ಐದು ಜನ ಬೆಳಿಗ್ಗೆ ಆರಕ್ಕೆ ಬುಡದ ಊರು ಬೂರ್ ದ್ವಾಸಾಂ ಬಿಟ್ಟೆವು. ಏರು ಊರಿನ ಹೊರಗೇ ಶುರು. ತಿರುವುಗಳ ನಂಬರ್ ಕೆಳಗಿನಿಂದ 21, 20 ಅಂತ ಇಳಿಯುತ್ತಾ ಹೋಗುತ್ತದೆ. ಒಂದೊಂದು ತಿರುವಿನಲ್ಲೂ ಅಲ್ಲಿ ಗೆದ್ದವರ ಹೆಸರಿನ ಫಲಕ ಇದೆ. 21ರಲ್ಲಿ ಫಾಸ್ಟೊ ಕೊಪ್ಪಿ, 1952ರಲ್ಲಿ ಮೊದಲ ಸಲ ಗೆದ್ದವರು. ಶುರುವಿನ ಎರಡು ಕಿ.ಮೀ. ಶೇ. 10ರ ಹತ್ತಿರ ಇದೆ. ಅಲ್ಲೇ ಜೋರು ಮಾಡಿದವರು ಮೇಲೆ ಸೈಕಲ್ ಹಿಡಿದು ನಿಂತಿದ್ದರು. ನಾನು ತುದಿಯವರೆಗೆ 1 ಗಂಟೆ 42 ನಿಮಿಷ ತೆಗೆದುಕೊಂಡೆ. ರೇಸಿನವರು 40 ನಿಮಿಷದ ಆಸುಪಾಸಿನಲ್ಲಿ ಹತ್ತುತ್ತಾರೆ. ಅದೂ ಆ ದಿನ ಗಾಲಿಬಿಯೆ, ಕ್ರ್ವಾ ದ ಫೇರ್ ಎರಡನ್ನೂ ದಾಟಿ ಬಂದು.

ಜನ ನೋಡಬೇಕು! ಕೊಡವ ಹಾಕಿ ಹಬ್ಬದ ಫೈನಲ್ ದಿನದ ಗ್ಯಾಲರಿಯನ್ನು ಬೆಟ್ಟದ ಉದ್ದಕ್ಕೆ ಎಳೆದು ಕಟ್ಟಿದ ಹಾಗೆ. ಏಳನೇ ತಿರುವು ಡಚ್ಚರದ್ದು, ಕಿತ್ತಳೆ ಬಟ್ಟೆ, ಬಿಯರ್, ಹೊಗೆ, ಹಾಡು. ಅಲ್ಲಿ ಹತ್ತು ನಿಮಿಷ ನಿಂತು ಕಿವಿ ಮುಚ್ಚಿ ಕೆಳಗೆ ಬಂದು 16ರ ಹತ್ತಿರ ಜಾಗ ಹಿಡಿದೆವು. ಆಮೇಲೆ ಕಾಯುವುದು. ಆ ವಾರ ಫ್ರಾನ್ಸಿನಲ್ಲಿ ಬಿಸಿಗಾಳಿ, ಮರದ ನೆರಳು ಕಡಿಮೆ. ಪಕ್ಕದಲ್ಲಿ ಕ್ಯಾಂಪರ್ ವ್ಯಾನ್ ನಿಲ್ಲಿಸಿಕೊಂಡಿದ್ದ ಒಬ್ಬ ಅಜ್ಜಿ, ಮೂರು ದಿನದಿಂದ ಅಲ್ಲೇ ಇದ್ದವರು, ಕೊಡೆ ಕೆಳಗೆ ಕೂರಿಸಿಕೊಂಡರು. ಅವರಿಗೆ ನನ್ನ ಭಾಷೆ ಬರುವುದಿಲ್ಲ, ನನಗೆ ಅವರದ್ದು ಬರುವುದಿಲ್ಲ. ನನ್ನ ಚೀಲದ ನಿಪ್ಪಟ್ಟು ಖಾಲಿಯಾಯಿತು, ಅವರ ಏಪ್ರಿಕಾಟ್ ಖಾಲಿಯಾಯಿತು.

ರೇಸಿಗೆ ಸುಮಾರು ಎರಡು ಗಂಟೆ ಮುಂಚೆ ಜಾಹೀರಾತು ಗಾಡಿಗಳ ಮೆರವಣಿಗೆ ಬರುತ್ತದೆ. ಟೋಪಿ, ಕೀ ಚೈನ್, ತಿಂಡಿ ಪೊಟ್ಟಣ ಎಸೆಯುತ್ತಾ ಹೋಗುತ್ತಾರೆ. ಅದೇ ಅಜ್ಜಿ ಒಂದು ಕೆಂಪು ಚುಕ್ಕಿ ಟೋಪಿಗೆ ನನ್ನನ್ನು ಮೊಣಕೈಯಿಂದ ತಳ್ಳಿದರು. ಕೊಡೆ ಬೇರೆ, ಟೋಪಿ ಬೇರೆ.

ಸಂಜೆ ಐದು ದಾಟಿದ ಮೇಲೆ ಟಾಮ್ ಪಿಡ್‌ಕಾಕ್ ಬಂದ. 22 ವರ್ಷದ ಹುಡುಗ, ಆ ದಿನ ಗೆದ್ದವನು. ಎಷ್ಟು ಹತ್ತಿರ ಅಂದರೆ ಉಸಿರು ಕೇಳುತ್ತಿತ್ತು. ಅಮ್ಮತ್ತಿಯವರ ಎರಡು ನಿಮಿಷದ ಮಾತು ಬಯಲು ರಸ್ತೆಗೆ ಸರಿ. ಏರಿನಲ್ಲಿ ಗುಂಪು ಒಡೆದು ಹೋಗಿರುತ್ತದೆ. ಒಬ್ಬೊಬ್ಬರೇ, ಇಬ್ಬಿಬ್ಬರೇ ಬರುತ್ತಾರೆ. ಕೊನೆಯ ಗುಂಪು ಬರುವಾಗ ಅರ್ಧ ಗಂಟೆ ಮೇಲಾಗಿತ್ತು. ನನಗೆ ಇಷ್ಟವಾದದ್ದು ಅವರೇ. ಸಮಯದ ಮಿತಿಯೊಳಗೆ ಮುಟ್ಟಿದರೆ ಸಾಕು ಅಂತ ತುಳಿಯುವವರು. ನಮ್ಮ ಮುಖವೇ, ಕಾಲು ಮಾತ್ರ ಬೇರೆ.

ಇಳಿಯುವುದಕ್ಕೆ ಹತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಸಾವಿರಾರು ಜನ ನಡೆದುಕೊಂಡು, ನಡುವೆ ಸೈಕಲ್, ಹಿಂದೆ ತಂಡದ ಕಾರುಗಳು. ಅಲ್ಲಿ ನನಗೆ ಬೀಳುವ ಹಾಗೆ ಆಯಿತು. ನನ್ನ ಸೈಕಲ್‌ನಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಕೊಟ್ಟದ್ದರಲ್ಲಿ ಮುಂದಿನದು ಎಡಗೈಗೆ. ಗಾಬರಿಯಲ್ಲಿ ಕೈಗೆ ಹಳೆಯ ಅಭ್ಯಾಸವೇ ನೆನಪಾಗುವುದು. ಸೈಕಲ್ ಕೈಗೆ ಬಂದ ದಿನವೇ ಬದಲಿಸಿ ಕೊಡಿ ಅಂತ ಕೇಳಿ. ಜೊತೆಗೆ ರಸ್ತೆಯ ಬಲಗಡೆ ಹೋಗಬೇಕು ಅನ್ನುವುದು ಬೇರೆ.

ಈ ವರ್ಷ ನಿಮ್ಮ ಅದೃಷ್ಟ ಚೆನ್ನಾಗಿದೆ. ಜುಲೈ 24, 25 ಎರಡೂ ದಿನ ರೇಸ್ ಮುಗಿಯುವುದು ಆಲ್ಪ್ ದ್ಯುಎಜ್‌ನಲ್ಲೇ. 24ಕ್ಕೆ 21 ತಿರುವಿನ ರಸ್ತೆ. 25ಕ್ಕೆ ಬೂರ್ ದ್ವಾಸಾಂನಲ್ಲೇ ಶುರುವಾಗಿ, ಗಾಲಿಬಿಯೆ ದಾಟಿ, ಸಾರೆನ್ ಅನ್ನುವ ಹಿಂಬದಿ ದಾರಿಯಿಂದ ಮೇಲೆ ಬರುತ್ತದೆ. ಬೂರ್‌ನಲ್ಲೇ ಅಥವಾ ಸೈಕಲ್‌ನಲ್ಲಿ ಹೋಗಿ ಬರುವಷ್ಟು ಹತ್ತಿರ ಕೋಣೆ ಸಿಕ್ಕಿದರೆ ವ್ಯಾನ್ ಗೊಡವೆಯೇ ಬೇಡ. 25ರ ಬೆಳಿಗ್ಗೆ ತಂಡದ ಬಸ್ಸುಗಳ ಹತ್ತಿರ ನಿಂತರೆ ಸವಾರರನ್ನು ಕೈಯಳತೆಯಲ್ಲಿ ನೋಡಬಹುದು. ಪ್ಯಾಕೇಜಿನವರಿಗೆ ಎರಡೇ ಪ್ರಶ್ನೆ ಕೇಳಿ: ಆ ಎರಡು ದಿನ ಹೋಟೆಲ್ ಯಾವ ಊರಲ್ಲಿ, ರಸ್ತೆ ಮುಚ್ಚಿದ ಮೇಲೆ ನಾವು ವಾಪಸ್ ಬರುವುದು ಹೇಗೆ. ಹೋಟೆಲ್ 50 ಕಿ.ಮೀ. ದೂರ ಅಂದರೆ ಫೋನ್ ಇಟ್ಟುಬಿಡಿ.

ನಾಪೋಕ್ಲು ಪೆಡಲ್:

ಅಕ್ಕ, ತುಂಬಾ ಉಪಕಾರ ಆಯಿತು. ಇವತ್ತೇ ಫೋನ್ ಮಾಡಿ ಕೇಳಿದೆ. ಹೋಟೆಲ್ ಗ್ರೆನೋಬಲ್‌ನಲ್ಲಂತೆ! ರಸ್ತೆ ಮುಚ್ಚುವುದರ ಬಗ್ಗೆ ಕೇಳಿದರೆ ‘ಆಗ ನೋಡಿಕೊಳ್ಳೋಣ ಸರ್’ ಅಂದರು. ಅದನ್ನು ಬಿಟ್ಟೆ. ಬೇರೆ ಒಬ್ಬರು ಬೂರ್‌ನಿಂದ ಕೆಲವೇ ಕಿ.ಮೀ. ದೂರ ಕೋಣೆ ಇದೆ ಅನ್ನುತ್ತಾರೆ. ವೀಸಾ ಹೇಗೆ ಮಾಡಿಸಿದಿರಿ? ನನಗೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಇಲ್ಲ, ಎಲ್ಲ ತೋಟದ ಆದಾಯ. ಆರ್‌ಟಿಸಿ ನೋಡಿದರೆ ತಲೆತಲಾಂತರದ ಜಮ್ಮಾ ಜಾಗ, ಇನ್ನೂ ಅಜ್ಜನ ಹೆಸರಲ್ಲೇ ಇದೆ.

ಗಾಳಿಬೀಡು ಅಕ್ಕ:

ನಮ್ಮದೂ ಅದೇ ಕಥೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಒಂದು ಕಾಗದ ಬರೆದು, ಕಾಫಿ ಮಾರಿದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಆರ್‌ಟಿಸಿ, ಅದರ ಜೊತೆ ವಂಶವೃಕ್ಷ, ಎಲ್ಲದರ ಇಂಗ್ಲಿಷ್ ಅನುವಾದ ಇಟ್ಟೆ. ಕೌಂಟರಿನ ಹುಡುಗಿ ವಂಶವೃಕ್ಷವನ್ನು ತಿರುಗಿಸಿ ತಿರುಗಿಸಿ ನೋಡಿದಳು, ಆದರೆ ವೀಸಾ ಬಂತು. ವಿಮೆ ಕಡಿಮೆ ಅಂದರೂ 30,000 ಯೂರೋದ್ದು ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೆಂಗಳೂರಲ್ಲಿ ಬೇಸಿಗೆ ರಜೆಯ ರಶ್ ಶುರುವಾಗುವ ಮುಂಚೆ ದಿನಾಂಕ ಹಿಡಿಯಿರಿ.

ಊಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ರೆಡ್, ಚೀಸ್, ಪಾಸ್ತಾ. ನಾಲ್ಕನೇ ದಿನಕ್ಕೆ ನಾಲಿಗೆ ಸತ್ತು ಹೋಗುತ್ತದೆ. ಒಂದು ಸಣ್ಣ ಡಬ್ಬಿ ಉಪ್ಪಿನಕಾಯಿ ಬ್ಯಾಗಿನಲ್ಲಿ ಇರಲಿ.

ಅಮ್ಮತ್ತಿ 42:

ಅಕ್ಕನ ಕಥೆ ಓದಿದ ಮೇಲೆ ನನ್ನ ಮಾತು ಅರ್ಧ ವಾಪಸ್. ಕಲ್ಹಟ್ಟಿ ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ನಾಪೋಕ್ಲು ಪೆಡಲ್:

ಮನೆಯಲ್ಲಿ ಒಪ್ಪಂದ ಆಯಿತು. ನಾಟಿ ತಮ್ಮ ನೋಡಿಕೊಳ್ಳುತ್ತಾನೆ. ಬದಲಿಗೆ ಬರುವ ಜನವರಿಯಲ್ಲಿ ಅವನ ತೋಟದ ಕೊಯ್ಲಿಗೆ ಜನ ಹುಡುಕುವುದು ನನ್ನ ಕೆಲಸ. ನನಗೇ ನಷ್ಟ ಅಂತ ಕಾಣುತ್ತದೆ. ಅವ್ವನದ್ದು ಒಂದೇ ಶರತ್ತು, ನಮ್ಮ ಕಕ್ಕಡ ತಿಂಗಳ 18ಕ್ಕೆ ಮದ್ದು ಪಾಯಸ ತಿನ್ನಲು ಮನೆಯಲ್ಲಿರಬೇಕು. ಅದು ಆಗಸ್ಟ್ 3. ಪ್ಯಾರಿಸ್‌ನಲ್ಲಿ ಟೂರ್ ಮುಗಿಯುವುದು ಜುಲೈ 26. ಸಾಕಷ್ಟು ದಿನ ಇದೆ.

ಸಂಪಾಜೆಯವರೇ, ಈ ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಘಾಟಿಯ ಬುಡಕ್ಕೆ ಬರುತ್ತೇನೆ. ಚಹಾ ಅಂಗಡಿ ಹತ್ತಿರ ನಾನು ನಿಲ್ಲಿಸಲು ನೋಡಿದರೆ ಬಿಡಬೇಡಿ.

ಸಂಪಾಜೆ ಸವಾರ:

ಬನ್ನಿ. ಚಹಾ ಮಡಿಕೇರಿಯಲ್ಲೇ. ದುಡ್ಡು ನಿಮ್ಮದು.